ಮೆಗಲೊಡಾನ್ ಹಲ್ಲು ಹುಡುಕೋಕೆ ವೆನಿಸ್ಸಾ, ವಿಲ್ಮಿಂಗ್ಟನ್ನಾ?

ಮೆಗಲೊಡಾನ್ ಅಂದರೆ ಲಕ್ಷಾಂತರ ವರ್ಷಗಳ ಹಿಂದೆಯೇ ಅಳಿದುಹೋದ ದೈತ್ಯ ಶಾರ್ಕ್, ಅದರ ಹಲ್ಲುಗಳು ಸಮುದ್ರದ ತಳದಲ್ಲಿ ಇಂದಿಗೂ ಸಿಗುತ್ತವೆ. ಡೈವಿಂಗ್ ಈಗಷ್ಟೇ ಕಲಿತಿದ್ದರೆ ಸುಮ್ನೆ ಫ್ಲೋರಿಡಾದ ವೆನಿಸ್‌ಗೆ ಹೋಗಿ. ಆಳ 20ರಿಂದ 35 ಅಡಿ ಅಷ್ಟೇ, ದಡವೂ ಹತ್ತಿರ, ಒಂದು ಸಿಲಿಂಡರಿನಲ್ಲಿ ಗಂಟೆಗಟ್ಟಲೆ ಅಲ್ಲದಿದ್ದರೂ ಒಂದು ಗಂಟೆ ಆರಾಮಾಗಿ ಮರಳು ಕೆದಕಬಹುದು. ಸಮಸ್ಯೆ ನೀರಿನದು. ಕೆಲವು ದಿನ ಚಾಚಿದ ಕೈಯೇ ಕಾಣದಷ್ಟು ಕದಡಿರುತ್ತದೆ.

ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ಕಡೆಯದು ಬೇರೆಯೇ ಕಥೆ. ದೋಣಿಯಲ್ಲಿ ಸುಮಾರು 40 ಮೈಲಿ ಹೋಗಬೇಕು (ವಾಂತಿ ಮಾತ್ರೆ ಮರೀಬೇಡಿ), ಆಮೇಲೆ 100 ಅಡಿ ಇಳಿಯಬೇಕು. ಅಲ್ಲಿ ಒತ್ತಡ ಮೇಲಿನ ನಾಲ್ಕರಷ್ಟು, ಹಾಗಾಗಿ ಸಿಲಿಂಡರಿನ ಗಾಳಿಯೂ ಅಷ್ಟೇ ಬೇಗ ಖಾಲಿ. ಆಳದಲ್ಲಿ ಹೆಚ್ಚು ಹೊತ್ತು ಇರೋಕೆ ಜಾಸ್ತಿ ಜನ ನೈಟ್ರಾಕ್ಸ್ (ಆಕ್ಸಿಜನ್ ಪಾಲು ಹೆಚ್ಚಿರುವ ಗಾಳಿ) ಬಳಸುತ್ತಾರೆ, ಆದರೂ ತಳದಲ್ಲಿ ಸಿಗುವುದು ಅರ್ಧ ಗಂಟೆಯೊಳಗೆ. ಗಾಳಿ ಎದ್ದರೆ ಟ್ರಿಪ್ಪೇ ರದ್ದು.

ಆದರೆ ಹಲ್ಲು? ಜಲ್ಲಿಕಲ್ಲಿನ ನಡುವೆ ಕಪ್ಪು ಮೂಲೆಯೊಂದು ಇಣುಕುತ್ತದೆ, ಎಳೆದರೆ ಅಂಗೈ ತುಂಬುವಷ್ಟು ದೊಡ್ಡದು, 36 ಲಕ್ಷ ವರ್ಷಕ್ಕೂ ಹಳೆಯದು, ಅಂಚು ಸವರಿದರೆ ಇನ್ನೂ ಗರಗಸದ ಹಾಗೆ ತರಿತರಿ. ವೆನಿಸ್‌ನಲ್ಲೂ ದೊಡ್ಡವು ಸಿಗುತ್ತವೆ, ಆದರೆ ಸಣ್ಣವು, ಮುರಿದವೇ ಜಾಸ್ತಿ.

ನನ್ನ ಆಯ್ಕೆ ವಿಲ್ಮಿಂಗ್ಟನ್ನೇ. ಆಳದ ಡೈವ್ ಅಭ್ಯಾಸ ಇದ್ದವರಿಗೆ ಮಾತ್ರ, ಯಾಕೆಂದರೆ ಹಲ್ಲು ಕಂಡಾಗ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್ ನೋಡೋದೇ ಮರೆತುಹೋಗುತ್ತೆ, ಅಲ್ವಾ?