ಬಂಪರ್ ತೆಳ್ಳಗೆ ಮಾಡಲು ಹೋಗಿ ಕಾರಿನ ಮೂತಿ ಒಡೆದುಕೊಂಡೆ

ಹಳೇ ಕಾರಿನ ದಪ್ಪ ಬಂಪರ್ ಮುಂದೆ ಡ್ರಿಲ್ ಹಿಡಿದು ಕೂತಿದ್ದೀರಾ? ಡ್ರಿಲ್ ಪಕ್ಕಕ್ಕಿಡಿ. ಇದನ್ನು ಓದಿ, ಆಮೇಲೆ ನಿಮ್ಮಿಷ್ಟ.

ನನ್ನದು 1975ರ ಡಾಟ್ಸನ್ 280ಝಡ್, ಜಪಾನಿನ ಸ್ಪೋರ್ಟ್ಸ್ ಕಾರು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಕಾರುಗಳಿಗೆ ಹೊಗೆ ತಪಾಸಣೆಯ ಕಾಟವಿಲ್ಲ. ಅದಕ್ಕೇ 76ರದ್ದು ಕಣ್ಣಿಗೆ ಬಿದ್ದರೂ ಬಿಟ್ಟು, ಒಂದು ವರ್ಷ ಕಾದು ಇದನ್ನು ತಂದೆ. ಉದ್ದ ಬಾನೆಟ್, ಹಿಂದಕ್ಕೆ ಇಳಿಜಾರಾದ ಬೆನ್ನು, ನೋಡುತ್ತಾ ನಿಂತರೆ ಕಾಫಿ ಆರಿಹೋಗುತ್ತದೆ. ಬಂಪರ್ ಮಾತ್ರ ರೇಷ್ಮೆ ಪಂಚೆ ಉಟ್ಟವರು ಗಂಬೂಟು ಹಾಕಿದ ಹಾಗೆ. ಮುಂದೊಂದು, ಹಿಂದೊಂದು.

ಇದು ಡಾಟ್ಸನ್‌ನವರ ತಪ್ಪಲ್ಲ. ಇದೇ ಕಾರಿನ ಮೊದಲ ರೂಪ 240ಝಡ್‌ಗೆ ತೆಳ್ಳನೆಯ ಕ್ರೋಮ್ ಬಂಪರ್ ಇತ್ತು. 1973ರ ಮಾಡೆಲ್‌ನಿಂದ ಅಮೆರಿಕ ಸರ್ಕಾರ ಹೊಸ ನಿಯಮ ತಂತು. ಗಂಟೆಗೆ 5 ಮೈಲಿ, ಅಂದರೆ 8 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಂಭಾಗ ಗೋಡೆಗೆ ಗುದ್ದಿದರೂ ದೀಪ, ಪೆಟ್ರೋಲ್ ಲೈನ್ ಇಂಥವು ಕೆಡಬಾರದು. 1974ಕ್ಕೆ ಹಿಂದಿನ ಬಂಪರ್‌ಗೂ ಅದೇ ವೇಗ. ಕಾರು ಆಗಲೇ ತಯಾರಾಗಿತ್ತು, ಮೂತಿ ಬದಲಿಸೋಕೆ ಆಗಲ್ಲ. ಹಾಗಾಗಿ ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, ಎರಡು ಕೊಳವೆ ಬಿಗಿದು ಬಂಪರನ್ನು ಆಚೆಗೆ ತಳ್ಳಿದರು. 240ಕ್ಕಿಂತ 280 ಸುಮಾರು 10 ಇಂಚು ಉದ್ದ ಇರುವುದಕ್ಕೆ ಮುಖ್ಯ ಕಾರಣ ಇದೇ. ಬಿಎಂಡಬ್ಲ್ಯು 2002, ಮರ್ಸಿಡಿಸ್ ಎಸ್ಎಲ್ ಎಲ್ಲಕ್ಕೂ ಇದೇ ಗತಿ. ಬ್ರಿಟನ್ನಿನ ಎಂಜಿಬಿ ಕಾರಿನ ಗ್ರಹಚಾರ ಇನ್ನೂ ಜಾಸ್ತಿ, ಬಂಪರ್ ಎತ್ತರ ಸರಿಹೊಂದಲಿ ಅಂತ ಇಡೀ ಕಾರನ್ನೇ ಮೇಲಕ್ಕೆತ್ತಿದರು. 1983ರ ಮಾಡೆಲ್ ಹೊತ್ತಿಗೆ ನಿಯಮ ಸಡಿಲಿಸಿ 2.5 ಮೈಲಿಗೆ ಇಳಿಸಿದರು. ಅಷ್ಟರಲ್ಲಿ ನನ್ನ ಕಾರಿಗೆ ಎಂಟು ವರ್ಷ!

ತೆಳ್ಳನೆಯ ಕ್ರೋಮ್ ಮೇಲೆ ನನಗೆ ಮೋಹ ಇರುವುದಕ್ಕೆ ಅಪ್ಪನ ಅಂಬಾಸಿಡರ್ ಕಾರಣ. ದಾವಣಗೆರೆಯಲ್ಲಿ ಪ್ರತಿ ಆಯುಧ ಪೂಜೆಗೆ ಅದರ ಬಂಪರ್ ಉಜ್ಜುವ ಕೆಲಸ ನನ್ನದು. ಹಳೇ ಬನಿಯನ್ ತಗೊಂಡು ಮುಖ ಕಾಣುವ ತನಕ ತಿಕ್ಕುತ್ತಿದ್ದೆ. ಈ 280ರ ಕಪ್ಪು ರಬ್ಬರ್ ಪಟ್ಟಿಯಲ್ಲಿ ಯಾರ ಮುಖ ಕಾಣಬೇಕು ಹೇಳಿ.

ಸರಿ, ವಿಷಯಕ್ಕೆ ಬರುತ್ತೇನೆ. ಬಂಪರ್ ಒಳಕ್ಕೆ ಎಳೆಯೋದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಬಂಪರ್ ಹಿಡಿದುಕೊಂಡಿರುವ ಶಾಕ್ ಅಬ್ಸಾರ್ಬರ್‌ಗೆ ಒಂದು ತೂತು ಕೊರೆಯಿರಿ, ಎಣ್ಣೆ ಹರಿದು ಹೋಗಲಿ, ಪಿಸ್ಟನ್ ಒಳಕ್ಕೆ ತಳ್ಳಿ, ಬೋಲ್ಟ್ ಹಾಕಿ, ಮುಗೀತು. ನಾನೂ ನಂಬಿದೆ.

ಒಂದು ಶನಿವಾರ ಪುತ್ತೂರಿನ ಗೆಳೆಯನನ್ನು ಕರೆಸಿಕೊಂಡು ಮುಂದಿನ ಬಂಪರ್ ಬಿಚ್ಚಿದೆ. ಇಬ್ಬರು ಹಿಡಿದರೂ ಕೈ ಜಗ್ಗಿತು. ಎಡಗಡೆಯ ಶಾಕ್ ತೆಗೆದು ವೈಸ್‌ಗೆ ಕಚ್ಚಿಸಿದೆ. ಅದು ಮೊಳಕೈ ಉದ್ದದ ಕೊಳವೆ, ಒಳಗೆ ಇನ್ನೊಂದು ಕೊಳವೆ. ಗುದ್ದಿದಾಗ ಎಣ್ಣೆ ಸಣ್ಣ ಕಿಂಡಿಯಲ್ಲಿ ನುಗ್ಗಿ ಪೆಟ್ಟನ್ನು ತಾನು ತಿನ್ನುತ್ತದೆ. ಆಮೇಲೆ ಬಂಪರ್ ಮೊದಲಿನ ಜಾಗಕ್ಕೆ ಬರಬೇಕಲ್ವಾ? ಅಂದರೆ ಒಳಗೆ ಒತ್ತಡ ಇರಲೇಬೇಕು. ಇದು ನನಗೆ ಹೊಳೆದದ್ದು ಆಮೇಲೆ.

ಡ್ರಿಲ್ ಬಿಟ್ ತಗಡು ದಾಟಿದ್ದು ಕೈಗೆ ಗೊತ್ತಾಯಿತು. ಹೊರಕ್ಕೆ ಎಳೆದೆ, ಅಷ್ಟೇ. ಎಣ್ಣೆ ಪಿಚಕಾರಿಯ ಹಾಗೆ ಚಿಮ್ಮಿ ಎಡ ಹುಬ್ಬಿಗೆ ಬಡಿಯಿತು. ನಾನು ಹಾಕಿದ್ದು ಓದುವ ಕನ್ನಡಕ. ಅದರ ಮೇಲ್ಗಡೆಯಿಂದ ಇಳಿದು ಕಣ್ಣಿಗೂ ಹೋಯಿತು. ಹೆಚ್ಚು ಕಡಿಮೆ 50 ವರ್ಷ ಒಳಗೇ ಕೂತಿದ್ದ ಎಣ್ಣೆ, ಕೊಳೆತ ಮೀನಿನಂಥ ವಾಸನೆ. ನಲ್ಲಿ ಕೆಳಗೆ ಕಾಲು ಗಂಟೆ ಕಣ್ಣು ತೊಳೆದೆ. ಆಸ್ಪತ್ರೆಯಲ್ಲಿ ಕಣ್ಣಿನ ಮೇಲೆ ಗೀರು ಆಗಿದೆ ಅಂದರು. ಲೋಹದ ಚೂರು ಇರಬೇಕು. ಹತ್ತು ದಿನ ಡ್ರಾಪ್ಸ್, ಕಪ್ಪು ಕನ್ನಡಕ.

ಇದರಲ್ಲೂ ನನ್ನ ಅದೃಷ್ಟ ಚೆನ್ನಾಗಿತ್ತು. ಮೊದಲು ಕೊಳವೆಯನ್ನು ಗ್ಯಾಸ್ ಟಾರ್ಚಿನ ಬೆಂಕಿಯಲ್ಲಿ ಕಾಯಿಸಿ ಸಡಿಲ ಮಾಡೋಣ ಅಂದಿದ್ದೆ. ಗೆಳೆಯ ಬಿಡಲಿಲ್ಲ. "ಎಂತ ಮಾರಾಯ, ಕುಕ್ಕರಿನ ವಿಸಿಲ್ ಮುಚ್ಚಿ ಒಲೆ ಮೇಲೆ ಇಟ್ಟ ಹಾಗೆ ಆಗ್ತದೆ" ಅಂದ. ಅವನ ಮಾತು ನಿಜ. ಆ ಕಾಲದ ಇಂಥ ಶಾಕ್‌ಗಳಲ್ಲಿ ಎಷ್ಟೋ ಕಡೆ ಎಣ್ಣೆಯ ಜೊತೆ ಒತ್ತಡ ತುಂಬಿದ ಗ್ಯಾಸೂ ಇರುತ್ತದೆ. ಕಾಯಿಸಬೇಡಿ, ವೆಲ್ಡ್ ಮಾಡಬೇಡಿ, ಕೊರೆಯಬೇಡಿ. ಗುದ್ದಿಸಿಕೊಂಡು ಒಳಗೇ ಸಿಕ್ಕಿಕೊಂಡ ಬಂಪರ್ ಆಗಿದ್ದರೆ ಅದರ ಎದುರಿಗೆ ನಿಲ್ಲಲೂ ಬೇಡಿ, ಯಾವಾಗ ಬೇಕಾದರೂ ಹೊರಕ್ಕೆ ಹಾರಬಹುದು. ಬೇಡವಾದರೆ ಬೋಲ್ಟ್ ಬಿಚ್ಚಿ ಶಾಕನ್ನು ಇಡಿಯಾಗಿ ತೆಗೆದಿಡಿ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮನೆಯವಳು "ರೀ, ಅದನ್ನು ಇದ್ದ ಹಾಗೇ ಬಿಡಬಾರದೇ?" ಅಂದಳು. ನಾನು ಆಗಲೇ ವಿಯೆಟ್ನಾಂನಿಂದ 240ಝಡ್ ಮಾದರಿಯ ಸ್ಟೇನ್‌ಲೆಸ್ ಬಂಪರ್ ತರಿಸಲು ದುಡ್ಡು ಕಟ್ಟಿ ಆಗಿತ್ತು. ಬಂದಾಗ ಹೊಳಪೇನೋ ಹೊಳಪು, ಅಪ್ಪನ ಬನಿಯನ್ ನೆನಪಾಯಿತು. ಆದರೆ 280ಕ್ಕೆ ಅದು ಕೂರಲ್ಲ. ತೂತುಗಳು ಬೇರೆ, ಬ್ರಾಕೆಟ್ ಬೇರೆ. ದಪ್ಪ ಪಟ್ಟಿ ಕತ್ತರಿಸಿ ಬ್ರಾಕೆಟ್ ಮಾಡಿಸಿ, ಚಾಸಿಗೆ ನೇರವಾಗಿ ಬಿಗಿದೆ. ಹಳೇ ಬಂಪರ್ ಮುಚ್ಚಿಕೊಂಡಿದ್ದ ತೂತುಗಳೆಲ್ಲ ಈಗ ಬಯಲಾದವು. ಹಿಂದೆ ರಬ್ಬರ್ ಕೆಳಗೆ ಅಂಗೈ ಅಗಲ ತುಕ್ಕು. ತೆಳು ತಗಡಿಗೆ ವೆಲ್ಡಿಂಗ್ ಮಾಡಿದ್ದಕ್ಕೆ ಅದು ಹೊಟ್ಟೆ ಬಿಟ್ಟಿತು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪೇಂಟ್. ಬಂಪರ್‌ಗಿಂತ ಟಿಂಕರಿಂಗ್‌ಗೇ ಜಾಸ್ತಿ ಹೋಯಿತು. ಜಾಗ ಸಾಲದು ಅಂತ ಹಳೇ ಬಂಪರ್, ಶಾಕ್ ಎಲ್ಲ ಗುಜರಿಗೆ ಹಾಕಿದೆ. ಇದೊಂದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾಲ್ಕು ತಿಂಗಳು ಮೆರೆದೆ. ಪೆಟ್ರೋಲ್ ಬಂಕಿನಲ್ಲಿ ಜನ ಫೋಟೊ ತೆಗೆದರು, ಸುಳ್ಳು ಯಾಕೆ ಹೇಳಲಿ.

ಆಮೇಲೊಂದು ಸಂಜೆ, ತರಕಾರಿ ಅಂಗಡಿಯ ಪಾರ್ಕಿಂಗ್. ಮಳೆಯಲ್ಲಿ ಷೂ ಒದ್ದೆಯಾಗಿತ್ತು, ಕ್ಲಚ್ ಮೇಲಿಂದ ಕಾಲು ಜಾರಿತು. ಕಾರು ಒಂದು ಸಲ ಜಿಗಿದು ಎದುರಿನ ಕಾಂಕ್ರೀಟ್ ಕಂಬಕ್ಕೆ ತಾಗಿತು. ಮನುಷ್ಯ ನಡೆಯುವ ವೇಗ, ಹೆಚ್ಚಿಲ್ಲ. ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಕೂಡ ಬೀಳಲಿಲ್ಲ. ಇಳಿದು ನೋಡಿದೆ. ಬಂಪರ್ ನಡುವೆ ಒಂದು ತಗ್ಗು. ಅಷ್ಟೇ ತಾನೇ ಅಂದುಕೊಂಡೆ.

ಮನೆಗೆ ಬಂದು ಬಾನೆಟ್ ತೆಗೆದೆ. ತೆಗೆದದ್ದು ಮತ್ತೆ ಮುಚ್ಚಲಿಲ್ಲ. ಈ ಕಾರಿನ ಬಾನೆಟ್‌ಗೆ ಕೀಲು ಇರುವುದು ಮೂತಿಯ ಕಡೆ, ಚಿಲಕ ಗಾಜಿನ ಕಡೆ. ಮೂತಿ ಕೂದಲೆಳೆಯಷ್ಟು ಹಿಂದೆ ಸರಿದರೂ ಚಿಲಕ ಕೂರಲ್ಲ. ನನ್ನದು ಕೂದಲೆಳೆಯಲ್ಲ, ಒಂದು ಬೆರಳು ಸರಿದಿತ್ತು. ಆ ದಪ್ಪ ಬ್ರಾಕೆಟ್ ತಾನು ಒಂದಿಷ್ಟೂ ಬಗ್ಗದೆ, ಪೆಟ್ಟನ್ನೆಲ್ಲ ಚಾಸಿಗೆ ದಾಟಿಸಿತ್ತು. ಚಾಸಿಯ ಬಲಗಡೆಯ ಉದ್ದ ತೊಲೆ, ಅದಕ್ಕೆ ರೈಲ್ ಅನ್ನುತ್ತಾರೆ, ಸುಕ್ಕಾಗಿತ್ತು. ರೇಡಿಯೇಟರ್ ಹಿಡಿದಿರುವ ತಗಡು ಓರೆ. ಫ್ಯಾಕ್ಟರಿಯವರು ಎಣ್ಣೆ ತುಂಬಿ ಕೊಟ್ಟ ಕೊಳವೆ ಇದ್ದಿದ್ದರೆ ಸುಮ್ನೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅದು ಇದ್ದದ್ದೇ ಇಂಥ ಪೆಟ್ಟಿಗೆ. ಇನ್ಶೂರೆನ್ಸ್‌ನವರ ಹತ್ತಿರ ಇದ್ದ ಫೋಟೊಗಳಲ್ಲಿ ಹಳೇ ಬಂಪರ್ ಇತ್ತು, ಬದಲಿಸಿದ್ದನ್ನು ನಾನು ತಿಳಿಸಿರಲಿಲ್ಲ. ಮುಂದಿನದು ನೀವೇ ಊಹಿಸಿ.

ತೆಳು ಬಂಪರ್ ಬೇಕೇ ಬೇಕು ಅನ್ನುವವರಿಗೆ ಬೇಡ ಅನ್ನಲ್ಲ, ನನಗೂ ಇನ್ನೂ ಅದೇ ಇಷ್ಟ. ಆದರೆ ಬ್ರಾಕೆಟ್ ಚಾಸಿಗಿಂತ ಗಟ್ಟಿ ಇರಬಾರದು. ಪೆಟ್ಟು ಬಿದ್ದರೆ ಮೊದಲು ಅದೇ ಮಡಚಬೇಕು. ಕೆಲಸ ಶುರು ಮಾಡುವ ಮುಂಚೆ ಇನ್ಶೂರೆನ್ಸ್‌ಗೆ ಬರೆದು ತಿಳಿಸಿ. ಬಿಚ್ಚಿದ ಒಂದು ನಟ್ಟನ್ನೂ ಗುಜರಿಗೆ ಹಾಕಬೇಡಿ.

ರೈಲ್ ಎಳೆಸಿ ನೇರ ಮಾಡಿಸಿ ಆಯಿತು. ಸ್ಯಾಕ್ರಮೆಂಟೊ ಕಡೆಯ ಒಂದು ಗುಜರಿಯಲ್ಲಿ 280ರ ಮುಂದಿನ ಬಂಪರ್ ಸಿಕ್ಕಿತು, ಬಲಗಡೆಯ ಶಾಕ್ ಸಮೇತ. ಎಡಗಡೆಯದ್ದು ಸಿಕ್ಕಿತ್ತು, ಅದನ್ನೂ ಯಾರೋ ಕೊರೆದಿದ್ದರು. ತೂತು ಬೀಳದ ಒಂದು ಎಡಗಡೆಯ ಶಾಕ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ.