ಫಿಲ್ಟರ್ ಪೆಡಲ್‌ಗೆ ಯಾವ ಬೋರ್ಡ್? ವೆರೋ, ಡಾಟ್, ಮಾಡಿಸಿದ ಪಿಸಿಬಿ: ಮೂರೂ ಕಟ್ಟಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ವೆರೋ ಬೋರ್ಡ್ ಕಡೆಯವನು. ಒಂದೇ ಗಿಟಾರ್ ಫಿಲ್ಟರನ್ನು, ಅಂದರೆ ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿಯನ್ನು, ಮೂರು ಬಗೆಯ ಬೋರ್ಡಿನ ಮೇಲೆ ಮೂರು ಸಲ ಕಟ್ಟಿದ್ದೇನೆ: ಉದ್ದಕ್ಕೆ ತಾಮ್ರದ ಪಟ್ಟಿಗಳಿರುವ ವೆರೋ, ತೂತಿಗೊಂದು ತಾಮ್ರದ ಬಿಲ್ಲೆ ಇರುವ ಡಾಟ್, ತಾಮ್ರದ ಗೆರೆಗಳನ್ನು ಅಚ್ಚು ಹಾಕಿಸಿದ ಪಿಸಿಬಿ. ನೋಡೋಕೆ ತೀರಾ ಒರಟಾಗಿರುವುದೇ ಈಗ ಕಾಲ ಬುಡದಲ್ಲಿದೆ. ಚೆಂದದ್ದು ಡ್ರಾಯರ್ ಸೇರಿದೆ. ಅದಕ್ಕೇ ಜಾಸ್ತಿ ದುಡ್ಡು ಸುರಿದಿದ್ದೆ.

ಸರ್ಕ್ಯೂಟ್ ಹೊಸದೇನಲ್ಲ. ತಂತಿ ಮೀಟಿದ ಬಲಕ್ಕೆ ತಕ್ಕಂತೆ ತಾನಾಗಿಯೇ ‘ವಾ’ ಅನ್ನುವ ಎನ್ವಲಪ್ ಫಿಲ್ಟರ್. 1972ರಲ್ಲಿ ಬಂದ ಮ್ಯೂ-ಟ್ರಾನ್ 3 ಪೆಡಲ್‌ನ ವಂಶದ್ದು. ಜೋರಾಗಿ ಮೀಟಿದರೆ ಒಳಗಿನ ಎಲ್‌ಇಡಿ ಜೋರಾಗಿ ಉರಿಯುತ್ತದೆ. ಎದುರಿಗಿರುವ ಎರಡು ಎಲ್‌ಡಿಆರ್‌ಗಳ (ಬೆಳಕು ಬಿದ್ದಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ರೆಸಿಸ್ಟೆನ್ಸ್ ಇಳಿಯುತ್ತದೆ. ಫಿಲ್ಟರ್ ಎತ್ತಿ ತೋರಿಸುವ ಫ್ರೀಕ್ವೆನ್ಸಿ ಮೇಲಕ್ಕೆ ಹತ್ತುತ್ತದೆ. ಅಷ್ಟೇ ಕಥೆ. ಕೆಪಾಸಿಟರ್ 10 ನ್ಯಾನೋಫ್ಯಾರಡ್ ಇಟ್ಟರೆ, ಎಲ್‌ಡಿಆರ್ 100 ಕಿಲೋ ಓಮ್‌ನಲ್ಲಿದ್ದಾಗ ಫಿಲ್ಟರ್ ಸುಮಾರು 160 ಹರ್ಟ್ಸ್‌ನಲ್ಲಿರುತ್ತದೆ, 10 ಕಿಲೋ ಓಮ್‌ಗೆ ಇಳಿದಾಗ 1,600 ಹರ್ಟ್ಸ್‌ಗೆ ಹೋಗುತ್ತದೆ.

ಕಾಗದದ ಮೇಲೆ ಈ ಲೆಕ್ಕ ಸರಿ. ಆದರೆ ಒಂದು ಎಲ್‌ಡಿಆರ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ, ಒಂದೇ ಪೊಟ್ಟಣದಿಂದ ತೆಗೆದರೂ ಅಷ್ಟೇ. ಹಾಗಾಗಿ ಫಿಲ್ಟರ್ ಪೆಡಲ್ ಅಂದರೆ ಕಟ್ಟಿ, ನುಡಿಸಿ, ಕೆಪಾಸಿಟರ್ ಕಿತ್ತು, ಬೇರೆಯದು ಹಾಕಿ, ಮತ್ತೆ ನುಡಿಸುವುದು. ಸದ್ದನ್ನು ಒರಟು ಮಾಡುವ ಫಝ್ ಪೆಡಲ್‌ನಲ್ಲಿ ಬಿಡಿಭಾಗದ ಅಳತೆ ಒಂಚೂರು ಆಚೀಚೆ ಆದರೂ ಕಿವಿ ಸುಮ್ನಿರುತ್ತದೆ. ಫಿಲ್ಟರ್‌ನಲ್ಲಿ ಹಾಗಾಗಲ್ಲ. ಈ ಒಂದು ಮಾತು ಮರೆತು ನಾನು ಪಿಸಿಬಿ ಮಾಡಿಸೋಕೆ ಹೋದೆ.

ಕಂಪ್ಯೂಟರಿನಲ್ಲಿ ಲೇಔಟ್ ಬರೆಯುವಾಗ ಖುಷಿಯೋ ಖುಷಿ. ಗೆರೆಗಳು ಎಷ್ಟು ಅಚ್ಚುಕಟ್ಟು ಅಂದರೆ ಗೋಡೆಗೆ ಹಾಕಬೇಕು ಅನ್ನಿಸುತ್ತದೆ. ಒಂದು ಬೇಕೆಂದರೂ ಕೊಡಲ್ಲ, ಐದು ತೆಗೆದುಕೊಳ್ಳಲೇಬೇಕು ಅಂದರು. ಐದು ಬಂದವು. ಬೆಸುಗೆ ಹಾಕಿದೆ, ಪ್ಲಗ್ ಹಾಕಿದೆ, ಮೊದಲ ಸಲಕ್ಕೇ ನುಡಿಯಿತು. ಆಮೇಲೆ ಕೇಳಿಸಿತು ಆ ‘ಟಿಕ್’.

ತಂತಿ ಮೀಟಿದಾಗಲೆಲ್ಲ, ಸ್ವರ ಏಳುವ ಕ್ಷಣಕ್ಕೇ ಸಣ್ಣದೊಂದು ಟಿಕ್. ಒಬ್ಬನೇ ಮೆಲ್ಲಗೆ ನುಡಿಸಿದರೆ ಉಗುರು ತಾಗಿದ ಸದ್ದು ಅಂದುಕೊಳ್ಳಬಹುದು. ಇದರ ನಂತರ ಡಿಸ್ಟಾರ್ಷನ್ ಪೆಡಲ್ ಹಾಕಿದರೆ ಯಾರೋ ಬಾಗಿಲು ಬಡಿದ ಹಾಗೆ. ಅಡಾಪ್ಟರ್ ಮೇಲೆ ಅನುಮಾನ ಬಂತು, 9 ವೋಲ್ಟ್ ಬ್ಯಾಟರಿ ಹಾಕಿದೆ, ಟಿಕ್ ಹೋಗಲಿಲ್ಲ. ಐಸಿ (ಚಿಪ್) ಬದಲಿಸಿದೆ. ಎಲ್‌ಡಿಆರ್‌ಗೆ ಹೊರಗಿನ ಬೆಳಕು ಬೀಳುತ್ತಿದೆಯೇನೋ ಅಂತ ಕಪ್ಪು ಟೇಪು ಸುತ್ತಿದೆ. ಟೇಪು ಮುಗಿಯಿತು, ಟಿಕ್ ಮುಗಿಯಲಿಲ್ಲ. ಕೊನೆಗೆ ತಲೆಕೆಟ್ಟು ಎಲ್‌ಇಡಿಯನ್ನೇ ಕಿತ್ತೆ. ಸದ್ದು ಸ್ವಚ್ಛ! ಆದರೆ ‘ವಾ’ ಕೂಡ ಮಾಯ.

ಕಳ್ಳ ಸಿಕ್ಕಿದ ಅಂತ ಗೊತ್ತಾಗಿದ್ದು ಆಗ. ಎಲ್‌ಇಡಿಯ ಕರೆಂಟ್ ಗ್ರೌಂಡ್‌ಗೆ ವಾಪಸ್ ಹೋಗುವ ದಾರಿ ಯಾವುದು ಅಂತ ಲೇಔಟ್ ತೆರೆದು ಬೆರಳಿಟ್ಟು ನೋಡಿದೆ. ಚೆಂದ ಕಾಣಲಿ ಅಂತ ಗ್ರೌಂಡ್ ಗೆರೆಯನ್ನು ಬೋರ್ಡಿನ ಅಂಚಿನ ಸುತ್ತ ತೆಳ್ಳಗೆ ಎಳೆದಿದ್ದೆ. ಎಲ್‌ಇಡಿ ಒಂದು ತುದಿಯಲ್ಲಿ, ಡಿಸಿ ಜ್ಯಾಕ್ ಇನ್ನೊಂದು ತುದಿಯಲ್ಲಿ. ನಡುವೆ ಗಿಟಾರ್ ಸಿಗ್ನಲ್ ಮೊದಲು ಬಂದು ಸೇರುವ ಇನ್‌ಪುಟ್ ಬಫರ್‌ನ ಗ್ರೌಂಡ್. 9 ವೋಲ್ಟ್‌ನ ಅರ್ಧಕ್ಕೆ ಸಿಗ್ನಲ್ಲನ್ನು ನಿಲ್ಲಿಸುವ 4.5 ವೋಲ್ಟ್ ರೆಫರೆನ್ಸ್‌ನ ಕೆಪಾಸಿಟರ್ ಕೂಡ ಅಲ್ಲೇ ಕೂತಿತ್ತು. ಅಂದರೆ ಎಲ್‌ಇಡಿ ಉರಿದಾಗಲೆಲ್ಲ ಅದರ ಕರೆಂಟ್ ಗಿಟಾರ್ ಸಿಗ್ನಲ್‌ನ ಮನೆ ಅಂಗಳ ತುಳಿದುಕೊಂಡೇ ಹೋಗಬೇಕು.

ಲೆಕ್ಕ ಹಾಕಿದರೆ ನಗು ಬರುತ್ತದೆ. ಅರ್ಧ ಮಿಲಿಮೀಟರ್ ಅಗಲ, 35 ಮೈಕ್ರಾನ್ ದಪ್ಪ, 10 ಸೆಂಟಿಮೀಟರ್ ಉದ್ದದ ತಾಮ್ರದ ಗೆರೆಗೆ ಸುಮಾರು 0.1 ಓಮ್ ರೆಸಿಸ್ಟೆನ್ಸ್. ಅದರಲ್ಲಿ 10 ಮಿಲಿಆಂಪ್ ಹರಿದರೆ 1 ಮಿಲಿವೋಲ್ಟ್. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಆದರೆ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್‌ನಿಂದ ಬರುವ ಸಿಗ್ನಲ್ ನೂರು ಮಿಲಿವೋಲ್ಟ್ ಆಸುಪಾಸಿನದು. ನೂರರಲ್ಲಿ ಒಂದು ಪಾಲು ಟಿಕ್, ಅದೂ ಮೀಟಿದ ಕ್ಷಣಕ್ಕೇ ಸರಿಯಾಗಿ. ಆಮೇಲೆ ಫಿಲ್ಟರ್‌ನ ರೆಸೊನೆನ್ಸ್ ಅದನ್ನು ಎತ್ತಿ ತೋರಿಸುತ್ತದೆ, ಡಿಸ್ಟಾರ್ಷನ್ ಇನ್ನೂ ಎತ್ತುತ್ತದೆ.

ಎಲ್‌ಇಡಿಯ ಗ್ರೌಂಡಿನಿಂದ ಡಿಸಿ ಜ್ಯಾಕ್‌ಗೆ ನೇರವಾಗಿ ಒಂದು ದಪ್ಪ ತಂತಿ ಹಾಕಿದೆ, ಟಿಕ್ ಬಹಳಷ್ಟು ಇಳಿಯಿತು. ಚಾಕುವಿನಿಂದ ಗೆರೆ ಕತ್ತರಿಸಿ ಎರಡೂ ದಾರಿ ಬೇರೆ ಮಾಡಿದ ಮೇಲೆ ಪೂರ್ತಿ ಹೋಯಿತು. ಗೋಡೆಗೆ ಹಾಕಬೇಕೆಂದಿದ್ದ ಬೋರ್ಡಿನ ಮೇಲೆ ಈಗ ಒಂದು ಕೆಂಪು ತಂತಿ, ಒಂದು ಗಾಯ. ತಪ್ಪು ಬೋರ್ಡ್ ಮಾಡಿದವರದ್ದಲ್ಲ, ನನ್ನದೇ. ಆದರೆ ಅದೇ ತಪ್ಪು ಐದರಲ್ಲೂ ಅಚ್ಚಾಗಿ ಕೂತಿದೆ. ಕೆಪಾಸಿಟರ್ ನಾಲ್ಕನೇ ಸಲ ಬದಲಿಸುವಾಗ ತೂತಿನ ಸುತ್ತ ಇರುವ ತಾಮ್ರದ ಬಿಲ್ಲೆಯೂ ಎದ್ದು ಬಂತು. ಅದಕ್ಕೂ ಒಂದು ತಂತಿ ಹಾಕಿ, ಡ್ರಾಯರಿಗೆ ಹಾಕಿದೆ.

ಡಾಟ್ ಬೋರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ತೂತಿಗೂ ಬೇರೆ ಬಿಲ್ಲೆ, ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು, ವೆರೋಗಿಂತ ಚಿಕ್ಕದಾಗಿ ಕಟ್ಟಬಹುದು. ನಾಜೂಕು ಕೈ ಇರುವವರ ಕೆಲಸ ನೋಡಿದರೆ ಅಸೂಯೆಯಾಗುತ್ತದೆ. ನನ್ನದು ಹಕ್ಕಿ ಗೂಡಾಯಿತು. ತಿಂಗಳು ಬಿಟ್ಟು ತೆರೆದರೆ ಯಾವ ತಂತಿ ಎಲ್ಲಿಗೆ ಅಂತ ನನಗೇ ಓದಲಾಗಲಿಲ್ಲ.

ಮನೆಯಲ್ಲೇ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಪಿಸಿಬಿ ಮಾಡುವುದು? ಹಿಂದೊಮ್ಮೆ ಬೇರೆ ಪೆಡಲ್‌ಗೆ ಮಾಡಿದ್ದೆ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಅಚ್ಚಾಯಿತು, ಐಸಿಯನ್ನು ತಾಮ್ರದ ಕಡೆಯಿಂದ ಕೂರಿಸಬೇಕಾಯಿತು. ಅಂಗಿಯ ಹಳದಿ ಕಲೆ ಇವತ್ತಿಗೂ ಹೋಗಿಲ್ಲ. ಈ ಹೋಲಿಕೆಗೆ ಅದನ್ನು ಸೇರಿಸಿಲ್ಲ.

ಇನ್ನು ನನ್ನ ವೆರೋ. ಉದ್ದಕ್ಕೆ ತಾಮ್ರದ ಪಟ್ಟಿಗಳು, 2.54 ಮಿಲಿಮೀಟರ್‌ಗೊಂದು ತೂತು. ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಬೇಡದ ಕಡೆ ಪಟ್ಟಿಯನ್ನು ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ತಿರುವಿ ಕತ್ತರಿಸಿದರೆ ಆಯಿತು. ನನ್ನ ಫಿಲ್ಟರ್‌ಗೆ ಒಂದು ಟಿಎಲ್074, ಒಂದು ಟಿಎಲ್072, ಎರಡೂ ಆಂಪ್ಲಿಫೈಯರ್ ಐಸಿ, 14 ಮತ್ತು 8 ಕಾಲಿನವು. ಎದುರುಬದುರು ಕಾಲು ಒಂದೇ ಪಟ್ಟಿಗೆ ಬರುವುದರಿಂದ ಐಸಿಗಳ ಕೆಳಗೇ ಏಳು ಮತ್ತು ನಾಲ್ಕು, ಒಟ್ಟು ಹನ್ನೊಂದು ಕತ್ತರಿಕೆ.

ಇದೂ ಸಾಧು ಅಲ್ಲ. ಮೊದಲ ದಿನ ‘ವಾ’ ಬರಲೇ ಇಲ್ಲ, ನೆಗಡಿಯಾದ ಗಂಟಲಿನ ಹಾಗೆ ಒಂದೇ ಸದ್ದು. ಎರಡು ಗಂಟೆ ಹುಡುಕಿದ ಮೇಲೆ ಮೀಟರ್ ‘ಬೀಪ್’ ಅಂದದ್ದು ಟಿಎಲ್074ರ ಏಳನೇ ಮತ್ತು ಎಂಟನೇ ಕಾಲಿನ ನಡುವೆ. ಆ ಐಸಿಯಲ್ಲಿ ಅವೆರಡೂ ಔಟ್‌ಪುಟ್, ಎದುರುಬದುರು ಇರುತ್ತವೆ. ಕತ್ತರಿಸಿದ ಜಾಗದ ಅಂಚಿನಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿದು ಎರಡನ್ನೂ ಕಟ್ಟಿಹಾಕಿತ್ತು. ಚಾಕುವಿನ ತುದಿಯಿಂದ ಒಂದು ಸಲ ಗೀರಿದೆ, ‘ವಾ’ ಬಂತು. ಈಗ ಬೆಸುಗೆಗೆ ಮೊದಲೇ ಪ್ರತಿ ಕತ್ತರಿಕೆಯನ್ನೂ ಮೀಟರ್‌ನಲ್ಲಿ ಮುಟ್ಟಿ ನೋಡುತ್ತೇನೆ. ಇನ್ನೊಂದು ಮಾತು: ಹಾಳೆಯ ಮೇಲಿನ ಚಿತ್ರ ಮೇಲಿನಿಂದ ಕಂಡದ್ದು, ಕತ್ತರಿಸುವುದು ಕೆಳಗಿನಿಂದ. ಎಡ ಬಲವಾಗುತ್ತದೆ.

ಇಷ್ಟಾದರೂ ವೆರೋ ಯಾಕೆ ಅಂದರೆ, ಪಿಸಿಬಿಯಲ್ಲಿ ಒಂದು ವಾರ ತಿಂದ ಆ ಟಿಕ್ ಇಲ್ಲಿ ಒಂದು ತಂತಿಯ ಮಾತು. ಎಲ್‌ಇಡಿಗೆ ಬೇರೆಯದೇ ಪಟ್ಟಿ, ಅಲ್ಲಿಂದ ನೇರ ಜ್ಯಾಕ್‌ಗೆ. ಎರಡು ಕೆಪಾಸಿಟರ್ ಇರುವ ಕಡೆ ಸಾಲು ಸಾಕೆಟ್ ಹಾಕಿದ್ದೇನೆ. ಬೆಸುಗೆಯಿಲ್ಲದೆ ಕಿತ್ತು ಚುಚ್ಚಬಹುದು. ಬಾಸ್ ಗಿಟಾರ್ ನುಡಿಸುವ ಗೆಳೆಯ ಬಂದರೆ 22 ನ್ಯಾನೋಫ್ಯಾರಡ್ ಚುಚ್ಚಿ ಕೊಡುತ್ತೇನೆ. ಸಾಕೆಟ್ ಐಡಿಯಾ ಪಿಸಿಬಿಗೂ ಹಾಕಬಹುದಿತ್ತು, ನಿಜ. ಆಗ ಹೊಳೆಯಲಿಲ್ಲ, ಪೆಟ್ಟು ತಿಂದ ಮೇಲೆ ಹೊಳೆಯಿತು.

ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. 20 ಪಟ್ಟಿ, 26 ತೂತು. 1590ಬಿ ಅನ್ನುವ ಚಿಕ್ಕ ಡಬ್ಬಿಗೆ ಹಿಡಿಸಲಿಲ್ಲ, ಅದಕ್ಕಿಂತ ದೊಡ್ಡ 125ಬಿಗೆ ಹೋಗಬೇಕಾಯಿತು.

ಒಂದೇ ಪೆಡಲ್ ನಾಲ್ಕೈದು ಬೇಕು, ಬಿಡಿಭಾಗದ ಅಳತೆಗಳೆಲ್ಲ ಕಿವಿಗೆ ಒಪ್ಪಿ ಆಗಿದೆ ಅನ್ನುವವರು ಪಿಸಿಬಿ ಮಾಡಿಸಲಿ, ಗ್ರೌಂಡ್ ಗೆರೆ ಅಗಲವಾಗಿ ಎಳೆಯಲಿ. ನಾನು ಒಂದು ಸಲಕ್ಕೆ ಒಂದೇ ಕಟ್ಟುವವನು. ರಾತ್ರಿ ಊಟವಾದ ಮೇಲೆ ಕೂರುವವನು, ಇವತ್ತು ಹಿಡಿಸಿದ್ದು ನಾಳೆ ಹಿಡಿಸದವನು. ಐದು ಬೋರ್ಡಿನ ದುಡ್ಡಿಗೆ ವೆರೋ, ಎರಡೂ ಐಸಿ, ಡಬ್ಬಿ ಎಲ್ಲ ಬರುತ್ತಿದ್ದವು. ಉಳಿದ ನಾಲ್ಕರಲ್ಲಿ ಒಂದು ಈಗ ಕುಂಟುವ ಮೇಜಿನ ಕಾಲಡಿ ಇದೆ, ಅಳತೆ ಸರಿಯಾಗಿ ಕೂತಿದೆ.

ವೆರೋ ಪೆಡಲ್‌ನಲ್ಲಿ ಸದ್ಯಕ್ಕೆ ಇರುವುದು 6.8 ನ್ಯಾನೋಫ್ಯಾರಡ್. ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಇವೆ, ಎರಡನ್ನೇ ಹಾಕಿದ್ದೇನೆ.