ಔಟ್‌ಲುಕ್ ಎಕ್ಸ್‌ಪ್ರೆಸ್ 6: ಡಯಲ್ ಅಪ್ ಇರೋರಿಗೆ ಒಳ್ಳೇದೇ, ಆದ್ರೆ ಸೆಟ್ಟಿಂಗ್ಸ್ ಬದಲಾಯಿಸ್ಲೇಬೇಕು

ವಿಂಡೋಸ್ ಎಕ್ಸ್‌ಪಿ ಜೊತೆ ಬರ್ತಿದ್ದ ಈ ಮೇಲ್ ಪ್ರೋಗ್ರಾಮನ್ನ ವರ್ಷಗಟ್ಲೆಯಿಂದ ಬಳಸ್ತಿದೀನಿ, ಮನೇಲಿರೋದು ಫೋನ್ ಲೈನಲ್ಲೇ ಡಯಲ್ ಮಾಡಿ ನೆಟ್‌ಗೆ ಸೇರಿಸೋ 56ಕೆ ಮೋಡೆಮ್, ಇರೋದೊಂದೇ ಲ್ಯಾಂಡ್‌ಲೈನ್. ಮೇಲ್ ಎಲ್ಲಾ ಇಳಿಸ್ಕೊಂಡು ಲೈನ್ ಕಟ್ ಮಾಡಿ ನಿಧಾನಕ್ಕೆ ಓದ್ಬಹುದು, ಉತ್ತರಗಳ್ನ ಬರೆದು ಔಟ್‌ಬಾಕ್ಸಲ್ಲಿಟ್ಟು ಒಂದೇ ಸಲ ಕಳಿಸ್ಬಹುದು, ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡೋರಿಗೆ ಇದು ನಿಜವಾಗ್ಲೂ ದೊಡ್ಡ ಅನುಕೂಲ.

ಕಿರಿಕಿರಿ ಅಂದ್ರೆ ನಾವು ಹೇಳ್ದೇನೇ ಡಯಲ್ ಮಾಡೋದು. ಹಳೇ ಮೇಲ್ ಹುಡುಕೋಣ ಅಂತ ತೆಗೆದ್ರೂ ಮೋಡೆಮ್ ಕರ್ರ್ ಕೀಂ ಅಂತ ಶುರು, ಒಳಗೆ ಅಮ್ಮ ಫೋನೆತ್ತಿದ್ರೆ ಕಿವಿಗೆ ಅದೇ ಕಿರುಚಾಟ, ಊರಿಂದ ಫೋನ್ ಮಾಡೋರಿಗೆ ಬರೀ ಎಂಗೇಜ್.

ಎಲ್ರೂ ಹೇಳೋದು ವಿಂಡೋಸ್‌ನ ಇಂಟರ್ನೆಟ್ ಆಪ್ಷನ್ಸ್‌ಗೆ ಹೋಗಿ ಕನೆಕ್ಷನ್ಸ್‌ನಲ್ಲಿ 'ನೆವರ್ ಡಯಲ್ ಎ ಕನೆಕ್ಷನ್' ಹಾಕಿ ಅಂತ. ಹಾಕಿ, ಅದು ಬೇಕೇ ಬೇಕು, ಆಮೇಲೆ ನೆಟ್ ಬೇಕಾದಾಗ ನಾವೇ ಡಯಲ್ ಮಾಡ್ಕೋಬೇಕಾಗುತ್ತೆ ಅಷ್ಟೇ. ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. ಔಟ್‌ಲುಕ್ ಎಕ್ಸ್‌ಪ್ರೆಸ್ ಒಳಗೆ ಟೂಲ್ಸ್, ಆಪ್ಷನ್ಸ್, ಜನರಲ್ ಟ್ಯಾಬಲ್ಲಿ 'ಸೆಂಡ್ ಅಂಡ್ ರಿಸೀವ್ ಮೆಸೇಜಸ್ ಅಟ್ ಸ್ಟಾರ್ಟಪ್' ಟಿಕ್ ತೆಗೀರಿ, ಪ್ರೋಗ್ರಾಮ್ ಓಪನ್ ಮಾಡಿದ ತಕ್ಷಣ ಡಯಲ್ ಮಾಡೋಕೆ ಹೋಗೋದು ಇದ್ರಿಂದಾನೇ. ಅದ್ರ ಕೆಳಗೆ 30 ನಿಮಿಷಕ್ಕೊಂದ್ಸಲ ಹೊಸ ಮೇಲ್ ನೋಡೋ ಆಪ್ಷನ್ ಇದೆ, ಅದ್ನೂ ತೆಗೀರಿ, ಇಲ್ಲಾ ನೆಟ್‌ಗೆ ಸೇರಿಲ್ದಿದ್ದಾಗ ಏನ್ ಮಾಡ್ಬೇಕು ಅನ್ನೋದ್ರಲ್ಲಿ 'ಡೂ ನಾಟ್ ಕನೆಕ್ಟ್' ಅಂತ ಆರಿಸ್ಕೊಳ್ಳಿ. ಸೆಂಡ್ ಟ್ಯಾಬಲ್ಲಿ 'ಸೆಂಡ್ ಮೆಸೇಜಸ್ ಇಮೀಡಿಯೇಟ್ಲಿ'ನೂ ಬೇಡ. ಕನೆಕ್ಷನ್ ಟ್ಯಾಬಲ್ಲಿ 'ಹ್ಯಾಂಗ್ ಅಪ್ ಆಫ್ಟರ್ ಸೆಂಡಿಂಗ್ ಅಂಡ್ ರಿಸೀವಿಂಗ್' ಮಾತ್ರ ಟಿಕ್ ಹಾಕಿ, ಕೆಲಸ ಮುಗಿದ್ಮೇಲೆ ಲೈನ್ ಸುಮ್ನೆ ಓಡ್ತಾ ಕೂರಲ್ಲ.

ಇಷ್ಟಾದ್ರೂ ಕೆಲವು ಮೇಲ್ ಮೇಲೆ ಕ್ಲಿಕ್ ಮಾಡಿದ್ರೆ ಡಯಲ್ ಬಾಕ್ಸ್ ಬರ್ಬಹುದು. ಬಣ್ಣಬಣ್ಣದ ಜಾಹೀರಾತು ಮೇಲ್‌ಗಳಲ್ಲಿ ಚಿತ್ರ ಮೇಲ್ ಒಳಗೆ ಇರಲ್ಲ, ಸರ್ವರಲ್ಲಿರುತ್ತೆ, ಕ್ಲಿಕ್ ಮಾಡಿದ ಮೇಲನ್ನ ಅಲ್ಲೇ ತೋರ್ಸೋ ಪ್ರಿವ್ಯೂ ಪೇನ್ ಅದನ್ನ ತರೋಕೆ ಹೋಗುತ್ತೆ. ಎಕ್ಸ್‌ಪಿಗೆ 2004ರಲ್ಲಿ ಬಂದ ಸರ್ವೀಸ್ ಪ್ಯಾಕ್ 2 ಅನ್ನೋ ಅಪ್‌ಡೇಟ್ ಹಾಕ್ಕೊಂಡ್ರೆ ಸೆಕ್ಯುರಿಟಿ ಟ್ಯಾಬಲ್ಲಿ ಹೊರಗಿನ ಚಿತ್ರ ಬ್ಲಾಕ್ ಮಾಡೋ ಆಪ್ಷನ್ ಸಿಗುತ್ತೆ, ನನ್ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಸ್ಪ್ಯಾಮ್ ಕಳ್ಸೋರಿಗೆ ನೀವು ಮೇಲ್ ತೆಗೆದ್ರಿ ಅಂತ ಗೊತ್ತಾಗೋದೂ ನಿಲ್ಲುತ್ತೆ.

ನನ್ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಮ್ಮಿ ಮಾಡಿದ್ದು ಇದೆಲ್ಲಾ ಒಂದೇ ಕಡೆ ಇಡ್ದೆ ನಾಲ್ಕೈದು ಟ್ಯಾಬಲ್ಲಿ ಹರಡಿರೋದಕ್ಕೆ. ಮನೇಲಿ ಬೇರೆಯವ್ರಿಗೂ ಐಡೆಂಟಿಟಿ (ಅದೇ ಪ್ರೋಗ್ರಾಮಲ್ಲಿ ಅವ್ರ ಮೇಲ್ ಬೇರೆಯಾಗಿಡೋ ವ್ಯವಸ್ಥೆ) ಮಾಡ್ಕೊಟ್ಟಿದ್ರೆ ಔಟ್‌ಲುಕ್ ಎಕ್ಸ್‌ಪ್ರೆಸ್ ಒಳಗಿನ ಆಪ್ಷನ್‌ಗಳ್ನ ಅವ್ರದ್ರಲ್ಲೂ ಬೇರೆಯಾಗಿ ಬದಲಾಯಿಸ್ಬೇಕು.